ನಾಲ್ಕು ಕ್ರೆಡಿಟ್ಟಿಗೊಂದು ಸಹಿ

ಗುರುವಾರ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಕೂತು ಅಂಬುಜಾ ಆ ಫಾರ್ಮನ್ನು ಆರನೇ ಸಲ ಓದಿದಳು. ಆರು ಸಲ ಓದಿದರೂ ಅದರಲ್ಲಿ ಇದ್ದದ್ದೇ ಇತ್ತು. ಒಂದು: ಲ್ಯಾಬ್ ಪಾಠ ಮಾಡಿದ ವಿಷಯದ ಟೀಚರೇ ಸಹಿ ಮಾಡತಕ್ಕದ್ದು. ಎರಡು: ಸಹಿ ಮಾಡುವವರು ವಿದ್ಯಾರ್ಥಿಗೆ ಸಂಬಂಧಿಕರಾಗಿರಕೂಡದು. ಮೊದಲನೇ ಸಾಲಿನ ಪ್ರಕಾರ ಸಹಿ ಮಾಡಲೇಬೇಕಾದವಳು ಅಂಬುಜಾ. ಎರಡನೇ ಸಾಲಿನ ಪ್ರಕಾರ ಸಹಿ ಮಾಡಲೇಬಾರದವಳೂ ಅಂಬುಜಾ. ಅಲ್ಲ, ಇಂಥದ್ದನ್ನು ಬರೆದ ಪುಣ್ಯಾತ್ಮನಿಗೆ ತಲೆ ಅನ್ನೋದು ಕತ್ತಿನ ಮೇಲಿತ್ತೋ, ಮನೆಯಲ್ಲಿ ಗೂಟಕ್ಕೆ ನೇತುಹಾಕಿ ಬಂದಿದ್ದನೋ!

ಅಂಬುಜಾ ಕೀನ್ಯಾದಲ್ಲಿ, ಲ್ಯಾವಿಂಗ್ಟನ್ನಿನ ಆ ಶಾಲೆಯಲ್ಲಿ ಹದಿನೇಳು ವರ್ಷದಿಂದ ಎ-ಲೆವೆಲ್, ಅಂದರೆ ನಮ್ಮ ಪಿಯುಸಿ ಮಟ್ಟದ, ಬಯಾಲಜಿ ಟೀಚರು. ಮಗಳು ಅಮೂಲ್ಯಾ ಓದಿದ್ದು ಅದೇ ಶಾಲೆಯಲ್ಲಿ, ಕೂತದ್ದು ಅಮ್ಮನ ಕ್ಲಾಸಿನಲ್ಲೇ. ಬಯಾಲಜಿಯಲ್ಲಿ ಎ ಬಂತು, ಕೆಮಿಸ್ಟ್ರಿಯಲ್ಲೂ ಎ ಬಂತು. ಈಗ ಆಗಸ್ಟಿನಿಂದ ಯೂನಿವರ್ಸಿಟಿಯಲ್ಲಿ ಫಿಸಿಯೋಥೆರಪಿ ಮೊದಲ ವರ್ಷ. ಅವರದು ಅಮೆರಿಕದ ಪದ್ಧತಿ, ಕೂತರೆ ಕ್ರೆಡಿಟ್ಟು, ನಿಂತರೆ ಕ್ರೆಡಿಟ್ಟು. ಎ-ಲೆವೆಲ್ಲಿನಲ್ಲಿ ಎ ಅಥವಾ ಬಿ ತೆಗೆದವರು ಅದೇ ವಿಷಯವನ್ನು ಮತ್ತೆ ಓದಬೇಕಿಲ್ಲ, ಥಿಯರಿಗೆ ನಾಲ್ಕು ಕ್ರೆಡಿಟ್, ಲ್ಯಾಬಿಗೆ ನಾಲ್ಕು ಹಾಗೇ ಕೊಡುತ್ತಾರೆ. ಥಿಯರಿಯ ನಾಲ್ಕಕ್ಕೆ ರಿಸಲ್ಟ್ ಶೀಟ್ ತೋರಿಸಿದರೆ ಸಾಕು. ಲ್ಯಾಬಿನ ನಾಲ್ಕಕ್ಕೆ ಮಾತ್ರ, 'ಈ ಹುಡುಗಿ ಪ್ರಯೋಗಗಳನ್ನೆಲ್ಲ ತನ್ನ ಕೈಯಾರೆ ಮಾಡಿದ್ದಾಳೆ' ಅಂತ ಟೀಚರು ಬರೆದುಕೊಡಬೇಕು.

ಕೆಮಿಸ್ಟ್ರಿಯ ಮೇಷ್ಟರು ಕಾರಿಡಾರಿನಲ್ಲಿ ನಿಂತು, ಗೋಡೆಗೆ ಕಾಗದ ಒತ್ತಿ, ಎರಡು ನಿಮಿಷದಲ್ಲಿ ಸಹಿ ಹಾಕಿಕೊಟ್ಟರು. ಅವರೇನು ಅಮೂಲ್ಯಳಿಗೆ ದೊಡ್ಡಪ್ಪನೇ, ಚಿಕ್ಕಪ್ಪನೇ? ಈ ಸೆಮಿಸ್ಟರಿನ ಹದಿನಾಲ್ಕು, ಕೆಮಿಸ್ಟ್ರಿಯ ಎಂಟು, ಬಯಾಲಜಿ ಥಿಯರಿಯ ನಾಲ್ಕು, ಎಲ್ಲ ಸೇರಿ ಇಪ್ಪತ್ತಾರು. ಮೂವತ್ತಾದರೆ ಜನವರಿಯಲ್ಲಿ ಶುರುವಾಗುವ ಆಸ್ಪತ್ರೆ ಬ್ಯಾಚಿಗೆ ಸೇರಬಹುದು. ಇಪ್ಪತ್ತೊಂಬತ್ತಾದರೂ ಇಲ್ಲ. ಆ ಬ್ಯಾಚು ವರ್ಷಕ್ಕೊಂದೇ ಸಲ, ಜನವರಿ ತಪ್ಪಿದರೆ ಮುಂದಿನ ಜನವರಿ. ಕ್ರೆಡಿಟ್ಟು ಸಾಲದವರು ಎರಡನೇ ವರ್ಷದವರೆಗೆ ಕಾಯುತ್ತಾರೆ, ಈಗಲೇ ಸೇರಿದವರಿಗೆ ಒಂದು ವರ್ಷ ಉಳಿಯುತ್ತದೆ. ಕಾಗದ ಕೊಡಲು ಕಡೇ ದಿನ ಇವತ್ತು, ಸಾಯಂಕಾಲ ನಾಲ್ಕು ಗಂಟೆ.

ಪ್ರಿನ್ಸಿಪಾಲರು ಸಹಿ ಮಾಡಿದರೆ ಆಗಬಹುದೇನೋ ಅಂತ ಹೋದರೆ ಅವರು ಯಾವುದೋ ಸಮ್ಮೇಳನಕ್ಕೆ ನೈವಾಶಾಗೆ ಹೋಗಿ ಕೂತಿದ್ದರು. ವೈಸ್ ಪ್ರಿನ್ಸಿಪಾಲರು ಫಾರ್ಮನ್ನು ಕನ್ನಡಕದ ಮೇಲಿಂದ ಒಂದು ಸಲ, ಕೆಳಗಿಂದ ಒಂದು ಸಲ ನೋಡಿ, "ಇದರಲ್ಲಿ ಪ್ರಿನ್ಸಿಪಾಲ್ ಅಂತಲೇ ಇಲ್ಲವಲ್ಲ. ಟೀಚರ್ ಅಂತಿದೆ. ಟೀಚರು ನೀವೇ," ಅಂದರು.

"ಟೀಚರು ನಾನೇ, ಸರಿ. ಆದರೆ ತಾಯಿಯೂ ನಾನೇ."

"ಅದು ಯೂನಿವರ್ಸಿಟಿಯ ಸಮಸ್ಯೆ. ಅವರನ್ನೇ ಕೇಳಿ."

ಯೂನಿವರ್ಸಿಟಿಗೆ ಫೋನ್ ಮಾಡಿದರೆ, "ಅದು ನಿಮ್ಮ ಶಾಲೆಯ ಸಮಸ್ಯೆ, ಅವರನ್ನೇ ಕೇಳಿ." ಚೆಂಡಾಟ ಆಡುವುದಕ್ಕೆ ಇವರಿಗೆ ಇವಳ ಮಗಳ ವರ್ಷವೇ ಬೇಕಾಗಿತ್ತು.

ಗಂಡನಿಗೆ ಫೋನ್ ಮಾಡಿದಳು. ಗೋವಿಂದ ವೆಸ್ಟ್‌ಲ್ಯಾಂಡ್ಸಿನಲ್ಲಿ ಹಲ್ಲಿನ ಡಾಕ್ಟರು. ಹಿಂದುಗಡೆ ಡ್ರಿಲ್ಲಿನ ಗುಯ್‌ಗುಟ್ಟುವ ಸದ್ದು ನಿಂತಿತು.

"ಸಹಿ ಹಾಕಿ ಬಿಸಾಕೇ ಅಂಬು. ಯಾರಿಗೆ ಗೊತ್ತಾಗುತ್ತೆ? ಅವಳು ಅಮೂಲ್ಯಾ ಗೋವಿಂದ, ನೀನು ಅಂಬುಜಾ ಶ್ರೀನಿವಾಸಮೂರ್ತಿ. ಬ್ರಹ್ಮ ಬಂದರೂ ಎರಡು ಹೆಸರಿಗೂ ಗಂಟು ಹಾಕೋಕಾಗಲ್ಲ."

"ಸುಳ್ಳು ಸಹಿ ಮಾಡು ಅಂತೀರೇನ್ರೀ?"

"ಸುಳ್ಳೇನು ಬಂತು? ಅವಳು ಪ್ರಯೋಗ ಮಾಡಿಲ್ಲವಾ? ಜಿರಳೆ ಕತ್ತರಿಸಿ ಮೂರು ದಿನ ಊಟ ಬಿಟ್ಟಿದ್ದಳಲ್ಲ, ಅದೂ ಸುಳ್ಳಾ? ಇಡ್ತೀನಿ, ಪೇಷಂಟು ಬಾಯಿ ತೆರಕೊಂಡು ಕೂತಿದಾನೆ."

ಗೋವಿಂದ ಹೇಳಿದ್ದು ನಿಜವೇ. ಅಂಬುಜಳ ತಂದೆ ಮೈಸೂರಿನ ಶ್ರೀನಿವಾಸಮೂರ್ತಿ. ಅವಳ ಡಿಗ್ರಿ, ಪಾಸ್‌ಪೋರ್ಟು, ಕೀನ್ಯಾದ ಟೀಚರ್ ಲೈಸೆನ್ಸು ಎಲ್ಲವೂ ಅಪ್ಪನ ಹೆಸರಿನಲ್ಲೇ ಉಳಿದವು. ಮಗಳ ಹೆಸರಿನ ಮುಂದೆ ಅವಳಪ್ಪನ ಹೆಸರು. ನಮ್ಮ ಕಡೆ ಇದು ಯಾರಿಗೂ ವಿಚಿತ್ರವಲ್ಲ. ಇಲ್ಲಿನವರಿಗೆ ಮಾತ್ರ ಅಮ್ಮ ಮಗಳು ಇಬ್ಬರನ್ನೂ ಕಾಗದದ ಮೇಲಿಟ್ಟರೆ, ಬಸ್‌ಸ್ಟಾಪಿನಲ್ಲಿ ಪಕ್ಕಪಕ್ಕ ನಿಂತವರಷ್ಟೇ ಸಂಬಂಧ.

ಮಧ್ಯಾಹ್ನದ ಎರಡು ಪೀರಿಯಡ್ ಬೇರೆಯವರಿಗೆ ಒಪ್ಪಿಸಿ, ಕಿಲೆಲೆಶ್ವಾದ ಮನೆಗೆ ಹೋಗಿ ಅಮೂಲ್ಯಳನ್ನು ಹತ್ತಿಸಿಕೊಂಡು ಹೊರಟಳು. ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಂದು ಕೂತಳು. ಬೆಳಗಿನಿಂದ ತಿಂಡಿ ತಿಂದಿಲ್ಲ ಅನ್ನೋದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಒಂದೆರಡು ಇಡ್ಲಿ ತಿನ್ನಬಾರದಿತ್ತೇನೇ?"

"ಐ ಆಮ್ ಫೈನ್."

"ಜ್ಯಾಕೆಟ್ಟಾದರೂ ಸರಿಯಾಗಿ ಹಾಕ್ಕೋ, ಚಳಿ ಇದೆ."

"ಐ ಆಮ್ ಫೈನ್, ಅಮ್ಮ."

ಈ ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬೈಗುಳವಂತೂ ಇನ್ನೂ ಚೆನ್ನಾಗಿ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಅಳೆದು ಸುರಿದು. ವೈಯಾಕಿ ವೇ ಸೇರುವ ಹೊತ್ತಿಗೆ ರಸ್ತೆಯಲ್ಲಿ ಟ್ರಾಫಿಕ್ಕು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಎಡಗಡೆಯಿಂದ ಒಂದು ಮಟಾಟು, ಅಂದರೆ ಇಲ್ಲಿನ ಖಾಸಗಿ ಮಿನಿಬಸ್ಸು, ಫುಟ್‌ಪಾತನ್ನೇ ಹತ್ತಿ ಮುಂದೆ ನುಗ್ಗಿತು. ಅಂಬುಜಾ ಹಾರ್ನ್ ಒತ್ತಿದಳು. ಅದರ ಕಂಡಕ್ಟರು ಇವಳ ಕಡೆ ತಿರುಗಿ ಮದುವೆ ಮನೆಯವರ ಹಾಗೆ ಕೈ ಬೀಸಿದ.

"ಸುಮ್ಮನೆ ಸೈನ್ ಮಾಡು," ಅಂದಳು ಅಮೂಲ್ಯಾ ಇಂಗ್ಲಿಷಿನಲ್ಲಿ, ಕಿಟಕಿಯ ಆಚೆ ನೋಡುತ್ತ. "ಯಾರೂ ಕೇಳಲ್ಲ."

"ಕೇಳಲ್ಲ ಅಂತ ಮಾಡಿಬಿಡೋದಾ? ನಾನು ಇಷ್ಟು ವರ್ಷದಲ್ಲಿ ಒಂದೇ ಒಂದು ಕಾಗದದ ಮೇಲೆ ಸುಳ್ಳು ಬರೆದಿಲ್ಲ ಗೊತ್ತಾ ನಿನಗೆ?"

"ಗೊತ್ತು." ಮಗಳು ಇಯರ್‌ಫೋನನ್ನು ಇನ್ನೂ ಒಳಕ್ಕೆ ಒತ್ತಿಕೊಂಡಳು.

ಅಂಬುಜಳಿಗೆ ಚುಳ್ ಅಂತು. ಯಾಕೆಂದರೆ ಒಂದು ಕಾಗದ ಇತ್ತು. ಅದರ ಮೇಲೆ ಸುಳ್ಳು ಬರೆದಿರಲಿಲ್ಲ, ನಿಜ. ಬರೆಯಬೇಕಾದ್ದನ್ನು ಬರೆಯದೆ ಬಿಟ್ಟಿದ್ದಳು.

ಅಮೂಲ್ಯಾ ಅವಳ ಕ್ಲಾಸಿಗೆ ಬಂದ ಮೊದಲ ದಿನವೇ ಅಂಬುಜಾ ಹೇಳಿಬಿಟ್ಟಿದ್ದಳು, ಗೇಟಿನ ಒಳಗೆ ನಾನು ಮಿಸ್, ಅಮ್ಮ ಅಲ್ಲ. ಅನುಮಾನ ಇದ್ದರೆ ಕ್ಲಾಸಿನಲ್ಲಿ ಎಲ್ಲರ ಹಾಗೆ ಕೈಯೆತ್ತಿ ಕೇಳು, ಮನೆಯಲ್ಲಿ ಕೇಳಬೇಡ. ಹುಡುಗಿ ಅದನ್ನು ಎಷ್ಟು ಚೆನ್ನಾಗಿ ಪಾಲಿಸಿದಳೆಂದರೆ, ಹೊಸದಾಗಿ ಸೇರಿದ ಮಕ್ಕಳಿಗೆ ತಿಂಗಳುಗಟ್ಟಲೆ ಇವರು ತಾಯಿ ಮಗಳು ಅಂತಲೇ ಗೊತ್ತಾಗುತ್ತಿರಲಿಲ್ಲ. ಬೇರೆ ಮಕ್ಕಳ ಅರ್ಧ ಸರಿ ಉತ್ತರಕ್ಕೆ ಅರ್ಧ ಮಾರ್ಕು ಸಿಕ್ಕರೆ, ಅಮೂಲ್ಯಳ ಮುಕ್ಕಾಲು ಸರಿ ಉತ್ತರಕ್ಕೂ ಸೊನ್ನೆಯೇ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಈ ತಾಯಿ ತನ್ನ ಹಿತ್ತಲ ಗಿಡಕ್ಕೆ ನೀರನ್ನೂ ಲೆಕ್ಕ ಹಾಕಿ ಹನಿಸಿದಳು.

ಅಷ್ಟಾದರೂ ಜನದ ಬಾಯಿ ಮುಚ್ಚಲಿಲ್ಲ. ಪೋಷಕರ ಸಭೆಯಲ್ಲಿ ರೋಸ್ ಎದ್ದು ನಿಂತಿದ್ದಳು. ರೋಸ್, ಕಾಜಿಟನ್ ದಂಪತಿ ಮಂಗಳೂರಿನವರು, ಸ್ಪ್ರಿಂಗ್ ವ್ಯಾಲಿಯಲ್ಲಿ ಮನೆ. ಅವರ ಮಗಳು ಮೆರಿಲ್ ಅಮೂಲ್ಯಳದೇ ಕ್ಲಾಸು. "ನಮಗೆ ಟ್ಯೂಷನ್ನಿಗೆ ಕಳಿಸಿ ಕಳಿಸಿ ಸಾಕಾಯ್ತು ಮಾರಾಯ್ರೆ," ಅಂತ ನಗುನಗುತ್ತಲೇ ಅಂದಳು. "ಮನೆಯಲ್ಲೇ ಪ್ರಶ್ನೆ ಪತ್ರಿಕೆ ತಯಾರಾಗ್ತದಲ್ಲ, ಅಂಥ ಮಕ್ಕಳಿಗೇನು!" ಸಭೆಯೆಲ್ಲ ನಕ್ಕಿತು. ಅಂಬುಜಾ ಕೂಡ ನಕ್ಕಳು. ನಕ್ಕು ಮನೆಗೆ ಬಂದು ಎರಡು ರಾತ್ರಿ ನಿದ್ದೆ ಮಾಡಲಿಲ್ಲ.

ಅದಾಗಿ ಹತ್ತು ದಿನಕ್ಕೆ ಪೂರ್ವಸಿದ್ಧತಾ ಪರೀಕ್ಷೆಯ ಪೇಪರುಗಳು ಬಂದವು. ಶಾಲೆಯ ನಿಯಮ ಇಷ್ಟೇ, ಐವತ್ತೈದು ಬಂದವರನ್ನು ಜೂನ್ ಪರೀಕ್ಷೆಗೆ ಕೂರಿಸಬಹುದು. ಕಡೇ ಮಾತು ಟೀಚರದು. ಮೆರಿಲ್‌ಗೆ ಐವತ್ತಾರು. ಅಮೂಲ್ಯಳಿಗೆ ಐವತ್ತೆಂಟು. ಮೆರಿಲ್‌ಳ ಹೆಸರನ್ನು ಅಂಬುಜಾ ಪಟ್ಟಿಯಲ್ಲಿ ಬರೆದಳು. ಅಮೂಲ್ಯಳ ಹೆಸರನ್ನು ಬರೆಯಲಿಲ್ಲ. ಮಗಳನ್ನು ಕೂರಿಸಿ, ಸಿ ಬಂದರೆ? ಮಗಳು ಅಂತ ತುರುಕಿದಳು ಅಂತಾರೆ. ಎ ಬಂದರೆ? ಪೇಪರು ಮನೆಯಲ್ಲೇ ಇತ್ತು ಅಂತಾರೆ. "ಇನ್ನೂ ಸಾಲದು, ನವೆಂಬರಿಗೆ ಕಟ್ಟು," ಅಂತ ಮಗಳಿಗೆ ಹೇಳಿದಳು. ಪೇಪರು ತಿರುಗಿ ಕೊಡಲಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರಂತೆ, ರೋಸಳ ನಾಲಿಗೆಗೆ ಅಮೂಲ್ಯಳ ಬೆನ್ನು ಸಿಕ್ಕಿತು.

ನವೆಂಬರಿನಲ್ಲಿ ಎ ಬಂತು. ಆದರೆ ರಿಸಲ್ಟ್ ಕೈಗೆ ಬರುವಾಗ ಜನವರಿ, ಫಿಸಿಯೋಥೆರಪಿಗೆ ಹೊಸಬರನ್ನು ತೆಗೆದುಕೊಳ್ಳುವುದು ಆಗಸ್ಟಿನಲ್ಲಿ ಮಾತ್ರ. ಹೀಗೆ ಹುಡುಗಿಯ ಒಂದು ವರ್ಷ ಹೋಯಿತು. ಮೆರಿಲ್ ಆಗಲೇ ಎರಡನೇ ವರ್ಷದಲ್ಲಿ ಬಿಳೀ ಕೋಟು ಹಾಕಿಕೊಂಡು ಆಸ್ಪತ್ರೆಯಲ್ಲಿ ಓಡಾಡುತ್ತಿದ್ದಳು, ರೋಸ್ ಅದರ ಫೋಟೋ ವಾರಕ್ಕೊಂದು ಸಲ ಹಾಕುತ್ತಿದ್ದಳು. ಹೋದ ಆ ವರ್ಷ ತಿರುಗಿ ಬರುವುದಿದ್ದರೆ ಈ ನಾಲ್ಕು ಕ್ರೆಡಿಟ್ಟಿನಿಂದಲೇ. ಅಂಬುಜಾ ಇದನ್ನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಂಡ ಹಾಗೆ, ನುಂಗಲಾರಳು, ಉಗುಳಲಾರಳು.

ಯೂನಿವರ್ಸಿಟಿ ತಲುಪಿದಾಗ ಎರಡೂಮುಕ್ಕಾಲು. ಗೇಟಿನಲ್ಲಿ ಬ್ಯಾಗು ಬಿಚ್ಚಿಸಿ ನೋಡಿದರು. ಮೊದಲನೇ ಕೌಂಟರಿನವಳು ಮೂರನೇ ಕೌಂಟರಿಗೆ ಕಳಿಸಿದಳು. ಮೂರನೆಯದರಲ್ಲಿ ಯಾರೂ ಇರಲಿಲ್ಲ, ಒಂದು ಸ್ವೆಟರು ಮಾತ್ರ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಸ್ವೆಟರಿನ ಯಜಮಾನ ಊಟ ಮುಗಿಸಿ, ಟೂತ್‌ಪಿಕ್ ಕಚ್ಚಿಕೊಂಡು ಬಂದಾಗ ಮೂರೂಕಾಲು. ಕಿಪ್ರೋನೋ ಅಂತ ಎದೆಯ ಮೇಲೆ ಹೆಸರಿನ ಪಟ್ಟಿ ಇತ್ತು. ಮನುಷ್ಯ ಒಳ್ಳೆಯವನೇ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು.

"ಕರಿಬು, ಮ್ವಾಲಿಮು," ಅಂದ. ಕರಿಬು ಅಂದರೆ ಬನ್ನಿ, ಮ್ವಾಲಿಮು ಅಂದರೆ ಮೇಷ್ಟರು, ಟೀಚರಿಗೆ ಇಲ್ಲಿ ಹಾಗೆ ಮರ್ಯಾದೆ. ಫಾರ್ಮು ನೋಡಿದ. "ಎಲ್ಲ ಸರಿಯಾಗಿದೆ. ಸಹಿ ಒಂದು ಇಲ್ಲ. ಅಂಬುಜಾ ಅನ್ನುವವರು ಎಲ್ಲಿ?"

"ನಾನೇ."

"ಹಾಗಾದರೆ ತೊಂದರೆ ಏನು? ಇಗೋ ಪೆನ್ನು."

"ಸಂಬಂಧಿಕರು ಸಹಿ ಮಾಡಕೂಡದು ಅಂತ ಬರೆದಿದ್ದೀರಿ. ನಾನು ಇವಳ ತಾಯಿ."

ಕಿಪ್ರೋನೋ ಕಂಪ್ಯೂಟರು ನೋಡಿದ, ಫಾರ್ಮು ನೋಡಿದ, ಇವಳನ್ನು ನೋಡಿದ. "ಇವಳು ಗೋವಿಂದ. ನೀವು ಶ್ರೀನಿ..." ಅಷ್ಟಕ್ಕೆ ಬಿಟ್ಟ. "ಮ್ವಾಲಿಮು, ನಮ್ಮ ಫೈಲಿನಲ್ಲಿ ನೀವು ಇವಳ ತಾಯಿ ಅಲ್ಲ."

"ಫೈಲಿಗೇನು ಗೊತ್ತು? ಹೆತ್ತವಳು ನಾನು!"

"ಇರಬಹುದು. ಜನನ ಪತ್ರ ತಂದಿದ್ದೀರಾ?"

ತಂದಿರಲಿಲ್ಲ. ತಾಯಿ ಅಲ್ಲ ಅಂತ ಯಾರಾದರೂ ಅನ್ನುತ್ತಾರೆ ಅಂತ ಯಾವ ತಾಯಿ ಜನನ ಪತ್ರ ಚೀಲದಲ್ಲಿ ಇಟ್ಟುಕೊಂಡು ತಿರುಗುತ್ತಾಳೆ? ಮನೆಗೆ ಹೋಗಿ ತರೋಣ ಅಂದರೆ ಇದ್ದದ್ದು ಮುಕ್ಕಾಲು ಗಂಟೆ. ಆ ರಸ್ತೆಯಲ್ಲಿ ಹೋಗುವುದಕ್ಕೇ ಒಂದೂವರೆ ಬೇಕು.

ಕಿಪ್ರೋನೋ ಮುಂದಕ್ಕೆ ಬಾಗಿ ದನಿ ತಗ್ಗಿಸಿದ. "ಸುಮ್ಮನೆ ಯಾಕೆ ತೊಡಕು ಮಾಡಿಕೊಳ್ಳುತ್ತೀರಿ? ಫೈಲಿನ ಪ್ರಕಾರ ನೀವು ಟೀಚರು ಮಾತ್ರ. ಸಹಿ ಮಾಡಿ, ಸೀಲು ಹಾಕುತ್ತೇನೆ, ಮಗು ಜನವರಿಯಲ್ಲಿ ಆಸ್ಪತ್ರೆಗೆ ಹೋಗುತ್ತೆ." ಆಮೇಲೆ ಅಮೂಲ್ಯಳ ಕಡೆ ತಿರುಗಿದ. "ಹೇಳಮ್ಮ, ಇವರು ನಿನಗೆ ಏನಾಗಬೇಕು?"

ಅಮೂಲ್ಯಾ ಅಮ್ಮನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸ್ಪಷ್ಟವಾಗಿ, ಕ್ಲಾಸಿನಲ್ಲಿ ಉತ್ತರ ಹೇಳುವವಳ ಹಾಗೆ ಹೇಳಿದಳು. "ಶೀ ಈಸ್ ಮೈ ಟೀಚರ್. ಓನ್ಲಿ ಮೈ ಟೀಚರ್."

ಅಷ್ಟೇ. ಬೆಳಗಿನಿಂದ ಅಂಬುಜಾ ವೈಸ್ ಪ್ರಿನ್ಸಿಪಾಲರನ್ನು ಸಹಿಸಿಕೊಂಡಿದ್ದಳು, ಗಂಡನನ್ನು, ಮಟಾಟುವನ್ನು, ಎರಡು ಕೌಂಟರುಗಳನ್ನು, ಒಂದು ಸ್ವೆಟರನ್ನು ಸಹಿಸಿಕೊಂಡಿದ್ದಳು. ಇದನ್ನು ಸಹಿಸಲಿಲ್ಲ.

"ಏನಂದೆ? ಏನೇ ಅಂದೆ ನೀನು?" ಇಡೀ ಹಾಲು ತಿರುಗಿ ನೋಡಿತು. "ಟೀಚರು ಮಾತ್ರನಾ? ಇಪ್ಪತ್ತೆರಡು ಗಂಟೆ ನೋವು ತಿಂದು ಹೆತ್ತಿದೀನಿ ಕಣೇ ನಿನ್ನ! ನಿನಗೆ ಕಾಮಾಲೆ ಬಂದಾಗ ಹದಿನೈದು ದಿನ ಪಕ್ಕದಲ್ಲಿ ಕೂತಿದ್ದೋಳು ಟೀಚರಾ? ನಿನ್ನೆ ರಾತ್ರಿ ಹೇರ್‌ಬ್ಯಾಂಡ್ ಕಾಣಲಿಲ್ಲ ಅಂತ ಮನೆಯೆಲ್ಲ ಜಾಲಾಡಿದ್ದು ಯಾರು, ನಿಮ್ಮ ಶಾಲೆ ಟೀಚರಾ? ಯಾರ ಮುಂದೆ ಏನು ಮಾತಾಡಬೇಕು ಅನ್ನೋ ಪ್ರಜ್ಞೆ ಬೇಡವಾ? ತಿಂಡಿ ತಿನ್ನು ಅಂದರೆ ತಿನ್ನಲ್ಲ, ಜ್ಯಾಕೆಟ್ ಹಾಕು ಅಂದರೆ ಹಾಕಲ್ಲ, ಅಮ್ಮ ಯಾರು ಅಂದರೆ ಗೊತ್ತಿಲ್ಲ! ನಡಿ ಮನೆಗೆ, ಇದೆ ನಿನಗೆ!" ಹೀಗೆ ಬೈಯುತ್ತ ಬೈಯುತ್ತಲೇ ಎರಡೂ ಕೈ ಚಾಚಿ, ಮಗಳ ಜ್ಯಾಕೆಟ್ಟಿನ ಜಿಪ್ಪನ್ನು ಸರ್ರನೆ ಕತ್ತಿನವರೆಗೂ ಎಳೆದಳು. ಮುಖದ ಮೇಲೆ ಬಿದ್ದಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ತಳ್ಳಿದಳು.

ಅಮೂಲ್ಯಾ ಕತ್ತು ಎತ್ತಿಕೊಟ್ಟು ಸುಮ್ಮನೆ ನಿಂತಿದ್ದಳು, ಮೂರು ವರ್ಷದ ಮಗು ನಿಂತ ಹಾಗೆ.

ಕಿಪ್ರೋನೋಗೆ ಒಂದಕ್ಷರ ಕನ್ನಡ ಬರುತ್ತಿರಲಿಲ್ಲ. ಆದರೂ ಬಾಯಿಂದ ಟೂತ್‌ಪಿಕ್ ತೆಗೆದು ಗಹಗಹಿಸಿ ನಕ್ಕ. "ಈಗ ನಂಬಿದೆ! ಜನನ ಪತ್ರ ಬೇಡವೇ ಬೇಡ. ನಮ್ಮಮ್ಮನೂ ಎಲ್ಡೊರೆಟ್ಟಿನಲ್ಲಿ ಹೀಗೇ ಬೈಯುವುದು, ಹೀಗೇ ಜಿಪ್ಪು ಎಳೆಯುವುದು." ಆಮೇಲೆ ಫಾರ್ಮನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡು, ಮುಖ ಸಪ್ಪಗೆ ಮಾಡಿಕೊಂಡ. "ಪೋಲೆ, ಕ್ಷಮಿಸಿ, ಮಾಮಾ ಅಮೂಲ್ಯಾ. ಈಗ ಕಣ್ಣಾರೆ ನೋಡಿದ ಮೇಲೆ ಇದರ ಮೇಲೆ ನಿಮ್ಮ ಸಹಿ ತೆಗೆದುಕೊಳ್ಳೋಕೆ ನನಗೆ ಆಗಲ್ಲ."

ನಮ್ಮಲ್ಲಿ ಮಾಮ ಅಂದರೆ ಸೋದರಮಾವ. ಇಲ್ಲಿ ಮಾಮಾ ಅಂದರೆ ತಾಯಿ, ಮಕ್ಕಳ ಹೆಸರಿನಿಂದಲೇ ಹೆಂಗಸರನ್ನು ಕರೆಯುತ್ತಾರೆ. ಈ ಊರಿಗೆ ಬಂದ ಇಷ್ಟು ವರ್ಷದಲ್ಲಿ ಅಂಬುಜಳನ್ನು ಯಾರೂ ಹಾಗೆ ಕರೆದಿರಲಿಲ್ಲ, ಅವಳು ಎಲ್ಲರಿಗೂ ಮ್ವಾಲಿಮು ಆಗಿದ್ದಳು. ಆ ಕ್ಷಣದಲ್ಲಿ ಅದು ಅವಳ ಕಿವಿಗೆ ಬಿತ್ತೋ ಇಲ್ಲವೋ. ಕೌಂಟರಿನ ಅಂಚು ಹಿಡಿದುಕೊಂಡು, ಅಯ್ಯೋ ನನ್ನ ಬಾಯಿಗಿಷ್ಟು ಬೆಂಕಿ ಹಾಕ, ಕೈಗೆ ಬಂದ ತುತ್ತನ್ನು ನಾನೇ ತಟ್ಟಿ ಬೀಳಿಸಿದೆನಲ್ಲ ಅಂತ ಒಳಗೊಳಗೇ ಕುದಿಯುತ್ತಿದ್ದಳು.

"ಬೇರೆ ದಾರಿಯೇ ಇಲ್ಲವಾ?"

"ಇದೆಯಲ್ಲ. ಸಂಬಂಧಿಕರಾದರೆ ಬೇರೆ ಫಾರ್ಮು." ಕಿಪ್ರೋನೋ ಕೆಳಗಿನ ಡ್ರಾಯರು ಎಳೆದು ಒಂದು ಹಾಳೆ ತೆಗೆದ.

ಅಂಬುಜಾ ಆ ಹಾಳೆಯನ್ನೇ ನೋಡಿದಳು. "ಇದು ಬೆಳಗಿನಿಂದ ಇಲ್ಲೇ ಇತ್ತಾ?"

"ಹೋದ ವರ್ಷದಿಂದ ಇದೆ."

"ಬೆಳಿಗ್ಗೆ ಫೋನ್ ಮಾಡಿದಾಗ ಹೇಳಬಾರದಾಗಿತ್ತಾ? ಫಾರ್ಮಿನಲ್ಲಿ ಒಂದು ಸಾಲು ಬರೆಯಬಾರದಾಗಿತ್ತಾ? ನಾನು ಎರಡು ಪೀರಿಯಡ್ ಬಿಟ್ಟು ಬಂದಿದೀನ್ರೀ!"

"ಯಾರೂ ಕೇಳುವುದಿಲ್ಲ, ಮಾಮಾ. ಟೀಚರು ಅಂದವರು ಟೀಚರಾಗಿರುತ್ತಾರೆ, ತಾಯಿ ಅಂದವರು ತಾಯಿಯಾಗಿರುತ್ತಾರೆ. ನಿಮ್ಮ ಹಾಗೆ ಎರಡೂ ಒಟ್ಟಿಗೆ ಬಂದವರು ಕಡಿಮೆ." ಗೋಡೆಯ ಗಡಿಯಾರದ ಕಡೆ ಕೈ ತೋರಿಸಿದ. ಮೂರೂ ನಲವತ್ತು. "ಒಂದೇ ಪ್ರಶ್ನೆ ಇರೋದು. ಎಲ್ಲರೂ ಇಲ್ಲ ಅಂತ ಗುರುತು ಹಾಕಿ ಹೋಗುತ್ತಾರೆ. ಇಲ್ಲ ಅಂತ ಇದ್ದರೆ ನಾನೇ ಸೀಲು ಹೊಡೆಯಬಹುದು. ಹೌದು ಅಂದರೆ ಕಮಿಟಿಗೆ ಹೋಗುತ್ತೆ. ಕಮಿಟಿ ಸೇರೋದು ಫೆಬ್ರವರಿಯಲ್ಲಿ."

ಅಂಬುಜಾ ಪ್ರಶ್ನೆ ಓದಿದಳು. ಈ ಸಂಬಂಧದಿಂದಾಗಿ ವಿದ್ಯಾರ್ಥಿಯ ಅಂಕಗಳ ಮೇಲಾಗಲಿ, ಪರೀಕ್ಷೆಗೆ ಹೆಸರು ಕೊಡುವುದರ ಮೇಲಾಗಲಿ ಯಾವುದೇ ರೀತಿಯ ಪರಿಣಾಮವಾಗಿದೆಯೇ? ಹೌದು, ಒಂದು ಚೌಕ. ಇಲ್ಲ, ಇನ್ನೊಂದು ಚೌಕ.

ಪೆನ್ನು ಕೈಯಲ್ಲೇ ನಿಂತಿತು. ಪ್ರಶ್ನೆ ಬರೆದವರು ಮನಸ್ಸಿನಲ್ಲಿಟ್ಟುಕೊಂಡದ್ದು ಮಕ್ಕಳಿಗೆ ಮಾರ್ಕು ಸುರಿದವರನ್ನು. ಮಗಳ ಹೆಸರನ್ನೇ ಬಿಟ್ಟವಳು ಇಲ್ಲಿಗೆ ಬಂದು ನಿಲ್ಲುತ್ತಾಳೆ ಅಂತ ಅವರಿಗೆ ಹೊಳೆದಿರಲಿಕ್ಕಿಲ್ಲ. ಹೌದು ಅಂತ ಗುರುತು ಹಾಕಿ, ಕೆಳಗೆ ಎಲ್ಲವನ್ನೂ ಬರೆದುಬಿಟ್ಟರೆ? ರೋಸ್ ಅಂದದ್ದು, ಐವತ್ತಾರು, ಐವತ್ತೆಂಟು, ಎಲ್ಲ. ಎಷ್ಟು ಹಗುರಾಗಿಬಿಡಬಹುದು! ಆದರೆ ಹಗುರಾಗುವವಳು ಇವಳು, ಇನ್ನೊಂದು ವರ್ಷ ಕೂರುವವಳು ಮಗಳು. ಅವತ್ತೂ ಹೀಗೇ ಅಲ್ಲವೇ ಆದದ್ದು? ಇವಳ ಹೆಸರು ಉಳಿಯಿತು, ಅವಳ ವರ್ಷ ಹೋಯಿತು.

"ಮಾಮಾ ಅಮೂಲ್ಯಾ," ಅಂದ ಕಿಪ್ರೋನೋ, "ಗಂಟೆ ಆಗುತ್ತಿದೆ."

"ಒಂದು ನಿಮಿಷ ಇರಪ್ಪ," ಅಂತ ಕನ್ನಡದಲ್ಲೇ ಸಿಡುಕಿದಳು.

ಪಕ್ಕದಿಂದ ಅಮೂಲ್ಯಾ ಮೆಲ್ಲಗೆ ಅಂದಳು. "ಫಿಫ್ಟಿ ಎಯ್ಟ್."

ಅಂಬುಜಾ ತಿರುಗಿದಳು. "ಏನು?"

"ಐ ಗಾಟ್ ಫಿಫ್ಟಿ ಎಯ್ಟ್. ಮೆರಿಲ್ ಗಾಟ್ ಫಿಫ್ಟಿ ಸಿಕ್ಸ್." ದನಿಯಲ್ಲಿ ಸಿಟ್ಟೂ ಇರಲಿಲ್ಲ, ಮುಂದಿನದು ಕನ್ನಡದಲ್ಲೇ ಬಂತು. "ಅವತ್ತು ಸ್ಟಾಫ್ ರೂಮಿನಿಂದ ಮಾರ್ಕ್ಸ್ ರಿಜಿಸ್ಟರ್ ತಗೊಂಡು ಬಾ ಅಂತ ನನ್ನೇ ಕಳಿಸಿದ್ದೆಯಲ್ಲ. ದಾರಿಯಲ್ಲಿ ತೆಗೆದು ನೋಡಿದೆ."

ಒಂದೂವರೆ ವರ್ಷ! ಒಂದೂವರೆ ವರ್ಷ ಈ ಹುಡುಗಿ ದಿನಾ ಎದುರಿಗೆ ಕೂತು ಊಟ ಮಾಡಿದ್ದಾಳೆ, ಎಲ್ಲ ಗೊತ್ತಿದ್ದುಕೊಂಡು.

"ಗೊತ್ತಿದ್ದೂ ಯಾಕೆ ಕೇಳಲಿಲ್ಲ ನನ್ನ?"

"ಯಾರನ್ನ ಕೇಳಬೇಕಿತ್ತು?" ಅಂದಳು ಅಮೂಲ್ಯಾ. "ಸ್ಕೂಲಲ್ಲಿ ಕೇಳಿದ್ರೆ ನೀನು ಮಿಸ್. ಮನೇಲಿ ಕೇಳೋ ಹಾಗಿರಲಿಲ್ಲ."

ಇಷ್ಟು ವರ್ಷ ಮಕ್ಕಳ ಪ್ರಶ್ನೆಗೆ ತಡವರಿಸದೆ ಉತ್ತರ ಹೇಳಿದ ಅಂಬುಜಾ, ಯೂನಿವರ್ಸಿಟಿಯ ಮೂರನೇ ಕೌಂಟರಿನ ಮುಂದೆ ಕಣ್ಣು ತುಂಬಿಕೊಂಡು ನಿಂತಳು. "ತಪ್ಪಾಯ್ತು ಕಣೇ," ಅಂದಳು. "ನಿನಗೆ ತುಂಬ ಅನ್ಯಾಯ ಮಾಡಿದೆ. ಜನಕ್ಕೆ ಹೆದರಿಬಿಟ್ಟೆ."

"ಗೊತ್ತು." ಅಮೂಲ್ಯಾ ಬೆರಳಿನಿಂದ ಎರಡನೇ ಚೌಕವನ್ನು ತೋರಿಸಿದಳು. "ಇಲ್ಲ ಅಂತ ಹಾಕು."

"ಹೇಗೆ ಹಾಕಲೇ? ಆಗಿದೆಯಲ್ಲೇ!"

"ಆಗಿದೆ. ಆದ್ರೂ ಹಾಕು. ನನಗೆ ಆ ವರ್ಷ ಬೇಕು."

ಆಗ ಅಂಬುಜಳಿಗೆ ಪೂರ್ತಿ ಅರ್ಥವಾಯಿತು. ಮಗಳಿಂದ ಕಿತ್ತುಕೊಂಡ ವರ್ಷವನ್ನು ತಿರುಗಿ ಕೊಡಬೇಕಾದರೆ, ನಾನು ಕಿತ್ತುಕೊಂಡೇ ಇಲ್ಲ ಅಂತ ಬರೆದುಕೊಡಬೇಕು. ಮಾಡಿದ ತಪ್ಪು ಯಾವ ಫೈಲಿನಲ್ಲೂ ಇರುವುದಿಲ್ಲ, ಯಾರೂ ಕೇಳುವುದಿಲ್ಲ, ಯಾರೂ ಶಿಕ್ಷೆ ಕೊಡುವುದಿಲ್ಲ. ನಾನು ತಪ್ಪು ಮಾಡಿದೆ ಅಂತ ಒಪ್ಪಿಕೊಳ್ಳುವ ಸುಖವೂ ಇಲ್ಲ. ಎಂಥ ಪೀಡೆ ಪ್ರಶ್ನೆ ಇಟ್ಟಿದ್ದಾರೆ ಇವರು!

ಮೂರೂ ಐವತ್ತು. ಅಂಬುಜಾ ಇಲ್ಲ ಅನ್ನುವ ಚೌಕದೊಳಗೆ ಗುರುತು ಹಾಕಿದಳು. ಗೆರೆ ಚೌಕದ ಆಚೆಗೂ ಹೋಯಿತು. ಸಂಬಂಧ ಅನ್ನುವ ಕಡೆ ತಾಯಿ ಅಂತ ಬರೆದಳು, ಕೆಳಗೆ ಅಂಬುಜಾ ಶ್ರೀನಿವಾಸಮೂರ್ತಿ ಅಂತ ಸಹಿ ಮಾಡಿದಳು. ಹದಿನೇಳು ವರ್ಷದಲ್ಲಿ ಕಾಗದದ ಮೇಲೆ ಅವಳು ಬರೆದ ಮೊದಲ ಸುಳ್ಳು, ಎರಡಕ್ಷರದ್ದು. ಹಾಳೆಯನ್ನು ಕಿಂಡಿಯೊಳಗೆ ತಳ್ಳಿದಳು.

ಕಿಪ್ರೋನೋ ಸೀಲು ಎತ್ತಿದವನು ನಿಂತ. "ಸವಾ, ಆಯಿತು, ಮಾಮಾ. ಇನ್ನೊಂದು ಇದೆ." ಹಾಳೆಯನ್ನು ತಿರುಗಿಸಿ ಅಮೂಲ್ಯಳ ಕಡೆ ಜಾರಿಸಿದ. ಕೊನೆಯ ಸಾಲಿನ ಮೇಲೆ ಬೆರಳಿಟ್ಟ. ಮೇಲೆ ಹೇಳಿದ್ದೆಲ್ಲ ನಿಜ ಎಂದು ವಿದ್ಯಾರ್ಥಿಯೂ ದೃಢಪಡಿಸತಕ್ಕದ್ದು. "ಇಲ್ಲಿ ನಿನ್ನ ಸಹಿ ಬೇಕು."

ಅಮೂಲ್ಯಾ ಪೆನ್ನು ತೆಗೆದುಕೊಂಡಳು. ಅಂಬುಜಳಿಗೆ ತಡೆಯಲಾಗಲಿಲ್ಲ, ಮೂಗು ಒರೆಸಿಕೊಳ್ಳುತ್ತಲೇ ಬೈದಳು. "ಎಷ್ಟು ಸಲ ಹೇಳಿದೀನಿ, ಸಹಿ ಹಾಕೋ ಮುಂಚೆ ಸರಿಯಾಗಿ ಓದಬೇಕು ಅಂತ! ಏನಿದೆ ಅಂತ ಓದೇ ಮೊದಲು."

"ಓದಿದೀನಿ, ಅಮ್ಮ," ಅಂದು ಮಗಳು ಸಹಿ ಹಾಕಿದಳು.